ರೀಗೊ ಎತ್ತಿದ ದನಿ

ಮಾತು ಆಡಿದರೆ ಹೋಯಿತು, ಸೀಟು ಬಿಟ್ಟರೆ ಹೋಯಿತು. ಇದು ನಿಜವಾಗಿ ನಡೆದದ್ದು.

ಫ್ರೆಸ್ನೊ ಊರಿನ ಎರಡು ವರ್ಷದ ಕಾಲೇಜಿನಲ್ಲಿ ಸಮುದಾಯ ಆರೋಗ್ಯ ಓದುತ್ತಿದ್ದ ಯೆಸೇನಿಯಾ, ಇಲ್ಲಿ ಓದಿದ್ದನ್ನು ಲೆಕ್ಕಕ್ಕೆ ಹಿಡಿಸಿ ಆಗಸ್ಟಿಗೆ ವಿಶ್ವವಿದ್ಯಾಲಯ ಸೇರುವ ತವಕದಲ್ಲಿದ್ದಳು. ಗೆಳೆಯ ರೀಗೊ ತಮಾಷೆಗೆಂದು ಕಾಲೇಜಿನ ಸಲಹೆಗಾರ್ತಿ ಬರಾಹಾಸ್ ಮೇಡಂ ದನಿಯಲ್ಲಿ ಅವಳಿಗೆ ಫೋನ್ ಮಾಡಿದ: "ನೋಡು ಮಗಳೇ, ನಿನ್ನ ಸಂಖ್ಯಾಶಾಸ್ತ್ರ ಅಲ್ಲಿ ಲೆಕ್ಕಕ್ಕಿಲ್ವಂತೆ. ಇನ್ನೊಂದ್ ವರ್ಷ ಇಲ್ಲೇ ಇರು."

ಅವಳು ಮೇಡಂ ಕೋಣೆಗೇ ಓಡಿದಳು.

"ನಾನೆಲ್ಲಿ ಫೋನ್ ಮಾಡ್ದೆ?" ಎನ್ನುತ್ತ ಕಂಪ್ಯೂಟರ್ ನೋಡಿದ ಮೇಡಂ ಬೆಚ್ಚಿದರು. "ಅಯ್ಯೋ, ನಿಜ ಕಣೇ. ನೀನು ಓದಿರೋ ಸಂಖ್ಯಾಶಾಸ್ತ್ರ ಈ ಕಾಲೇಜಿಗಷ್ಟೇ ಸಾಕು, ವಿಶ್ವವಿದ್ಯಾಲಯಕ್ಕೆ ಆಗಲ್ಲ. ಅವರು ಒಪ್ಪೋ ಸಂಖ್ಯಾಶಾಸ್ತ್ರದ ಬೇಸಿಗೆ ತರಗತಿಗೆ ಸೇರೋಕೆ ಇವತ್ತೇ ಕೊನೆ, ಸೇರ್ಕೊಂಡ್ಬಿಡು, ಸೀಟು ಉಳಿಯುತ್ತೆ."

ಸೇರಿ ಅವಳು ಹೊರಬಂದಾಗ ಗೆಳೆಯರೊಂದಿಗೆ ಹಲ್ಲು ಕಿಸಿಯುತ್ತಿದ್ದ ರೀಗೊ, ಸಂಗತಿ ಕೇಳಿ ಬಿಳಿಚಿಕೊಂಡ. "ನಾನ್ ಬಾಯಿಗ್ ಬಂದಿದ್ ಹೇಳ್ದೆ ಕಣೇ."

ಎಲ್ಲರೂ ನಕ್ಕರು. ಗೋಡೆ ಹಿಡಿದು ಎಲ್ಲರಿಗಿಂತ ಜೋರಾಗಿ ನಕ್ಕವಳು ಯೆಸೇನಿಯಾ.