ಅಂಗಳದ ಎಂಟನೇ ಟ್ರಿಪ್

ಮೂವತ್ತು ವರ್ಷ ಸಿಟಿ ಬಸ್ಸಿನ ಸ್ಟೇರಿಂಗ್ ಹಿಂದೆ ಕೂತೇ ಕಳೆದ ಬೋಜಣ್ಣನಿಗೆ ನಡೆಯುವುದೆಂದರೆ ಶಿಕ್ಷೆ. ನಾಳೆ ಬೆಳಿಗ್ಗೆ ಆಸ್ಪತ್ರೆಯಲ್ಲಿ ಅವನ ದೊಡ್ಡ ಕರುಳಿಗೆ ಕ್ಯಾಮೆರಾ ಹಾಕಿ ನೋಡುವವರಿದ್ದರು. ಅದಕ್ಕೆ ಮೊದಲು ಹೊಟ್ಟೆ ಪೂರ್ತಿ ಖಾಲಿಯಾಗಬೇಕು. ಮದ್ದಿನ ನೀರು ಒಂದೊಂದೇ ಲೋಟ ಕುಡಿದು, ಬರೀ ತಿಳಿನೀರು ಹೋಗುವವರೆಗೆ ನಡುನಡುವೆ ಅಡ್ಡಾಡುತ್ತಿರಿ ಎಂದು ನರ್ಸ್ ಹೇಳಿದ್ದರು.

ಹೆಂಡತಿ ಕುಶಲಾ ಮಗಳ ಬಾಣಂತನಕ್ಕೆಂದು ಮಸ್ಕತ್ತಿಗೆ ಹೋಗಿ ಮೂರು ತಿಂಗಳಾಗಿತ್ತು. ದಿನವೂ ಫೋನ್ ಮಾಡುತ್ತಿದ್ದಳು. ಆದರೆ ಎರಡು ಮಾತಾಡುವಷ್ಟರಲ್ಲಿ ಮಗು ಅಳುತ್ತಿತ್ತು, ಅವಳು "ಇಡ್ತೇನೆ ಮಾರಾಯ್ರೆ" ಎನ್ನುತ್ತಿದ್ದಳು. ಈ ಸಂಜೆ ಮಾತ್ರ ಮಗುವನ್ನು ಮಗಳ ಕೈಗೆ ಕೊಟ್ಟು ಕೂತಿದ್ದಳು.

"ನೀವು ನಡೆಯುವ ಜನ ಅಲ್ಲ, ನನಗೆ ಗೊತ್ತುಂಟು. ಹೊಟ್ಟೆ ಕ್ಲಿಯರ್ ಆಗುವವರೆಗೆ ನಾನು ಫೋನ್ ಇಡುವುದಿಲ್ಲ."

ಬೋಜಣ್ಣ ಫೋನನ್ನು ಅಂಗಿಯ ಕಿಸೆಗೆ ಹಾಕಿಕೊಂಡು ಜಗಲಿಯಿಂದ ಗೇಟಿಗೆ, ಗೇಟಿನಿಂದ ಜಗಲಿಗೆ ನಡೆದ. ಪಾಯಿಖಾನೆಗೆ ಓಡುವಾಗ ಅದನ್ನು ಕಿಟಕಿಯಲ್ಲಿಟ್ಟು, "ಕಟ್ ಮಾಡ್ಬೇಡ, ಈಗ ಬಂದೆ" ಎಂದು ಕೂಗಿದ.

"ಎಂತ ಇಷ್ಟು ಲೇಟು?" ಅವನು ಮರಳಿ ಬಂದಾಗ ಕುಶಲಾ ಕೇಳಿದಳು.

"ನಂತೂರು ಸರ್ಕಲ್ಲಿನಲ್ಲಿ ಟ್ರಾಫಿಕ್ ಬ್ಲಾಕ್ ಇತ್ತು."

ಕುಶಲಾ ಗೊಳ್ಳೆಂದು ನಕ್ಕಳು. ಆ ನಗು ಕಿವಿಗೆ ಬೀಳದೆ ಮನೆ ಎಷ್ಟು ಬಿಕೋ ಎನ್ನುತ್ತಿತ್ತೆಂದು ಬೋಜಣ್ಣನಿಗೆ ಆಗಲೇ ಗೊತ್ತಾದದ್ದು.

ಎಂಟನೇ ಟ್ರಿಪ್ಪಿನ ಹೊತ್ತಿಗೆ, ನರ್ಸ್ ಹೇಳಿದ ಹಾಗೆಯೇ, ಬರೀ ತಿಳಿನೀರು ಹೋಯಿತು. ಕೆಲಸ ಮುಗಿದಿತ್ತು. ಕಾಲುಗಳು ಸೋತಿದ್ದವು.

"ಕ್ಲಿಯರ್ ಆಯ್ತಾ?" ಕುಶಲಾ ಕೇಳಿದಳು. ಅವಳ ಹಿಂದೆ ಎಲ್ಲೋ ಮಗು ಅಳತೊಡಗಿತ್ತು.

"ಇನ್ನೂ ಇಲ್ಲ" ಎಂದು ಬೋಜಣ್ಣ ಮತ್ತೆ ಗೇಟಿನ ಕಡೆಗೆ ಹೊರಟ.