ಎತ್ತಿ ಹಿಡಿದ ಕೈ

ಆಸ್ಪತ್ರೆಯ ಸಭೆಯಲ್ಲಿ ಪರದೆಯ ಮೇಲಿನ ನರ್ಸ್ ಎಷ್ಟು ಚೆಂದ ನಗುತ್ತಿದ್ದಾಳೆ, ಆ ಹಲ್ಲು ನೋಡಿದರೆ ಒಂದು ದಿನವೂ ಡ್ಯೂಟಿ ಮಾಡಿದವಳಲ್ಲ, ಕೆಳಗೆ ದಪ್ಪಕ್ಷರದಲ್ಲಿ ಕೆಲಸದ ಜಾಗದಲ್ಲಿ ಹೆಣ್ಣಿಗೆ ಗೌರವ, ಓದಿ ಹೇಳುತ್ತಿರುವವನು ದೊಡ್ಡ ಡಾಕ್ಟರು — ಕುರಿ ಕಾಯೋಕೆ ತೋಳ, ಎಂದುಕೊಂಡು ಆಪರೇಷನ್ ಥಿಯೇಟರಿನ ಹಿರಿಯ ಸಿಸ್ಟರ್ ಮಡಿಲಲ್ಲಿ ಅವನೇ ಬರೆಸಿ ಕೊಟ್ಟಿದ್ದ ಕಾಗದ ನೋಡಿದಳು, ಹೊಸ ನರ್ಸ್ ಹುಡುಗಿ ನಿನ್ನೆ ಆಪರೇಷನ್ನಿಗೆ ಮುಂಚೆ ಗ್ಲೌಸ್ ಕೆಡಿಸಿ ತಡ ಮಾಡಿದಳು, ಸಾಕ್ಷಿ ನೀವು, ಇಲ್ಲಿ ಸಹಿ, ಸಹಿ ಬಿದ್ದರೆ ಹುಡುಗಿ ಮನೆಗೆ, ಗ್ಲೌಸ್ ಯಾಕೆ ಕೆಟ್ಟಿತು ಎಂದು ಬರೆಯಲು ಮಾತ್ರ ಜಾಗ ಸಾಲಲಿಲ್ಲ, ಪಾಪ. ಕೈ ತೊಳೆದು ಗ್ಲೌಸ್ ತೊಟ್ಟ ಮೇಲೆ ಎರಡೂ ಕೈ ಎದೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು, ಇಳಿಸಬಾರದು, ಏನನ್ನೂ ಮುಟ್ಟಬಾರದು, ಮುಟ್ಟಿದರೆ ಗ್ಲೌಸ್ ಕೆಟ್ಟ ಹಾಗೆ, ಮೊದಲ ದಿನದ ಪಾಠ — ಈ ಮಹಾನುಭಾವನಿಗೂ ಅದು ಗೊತ್ತು, ಅದಕ್ಕೇ ಆ ಗಳಿಗೆಗೆ ಕಾಯುತ್ತಾನೆ, ತಾನಿನ್ನೂ ಕೈ ತೊಳೆಯದೆ ಹಿಂದಿನಿಂದ ಬಂದು, ಗೌನಿನ ದಾರ ಕಟ್ತೀನಿ ತಾಳು, ದಾರ ಕಟ್ಟಿ ಮುಗಿದರೂ ಸೊಂಟ ಬಿಡದ ಬೆರಳು, ತಳ್ಳಲು ಕೈಯಿಲ್ಲ, ಕೈ ರೋಗಿಯದು. ಹತ್ತೊಂಬತ್ತು ವರ್ಷ ಅವಳೂ ಕಂಬದ ಹಾಗೆ ನಿಂತಳು, ನನ್ನ ಗ್ಲೌಸ್ ಒಮ್ಮೆಯೂ ಕೆಟ್ಟಿಲ್ಲ ಎಂಬ ಹೆಮ್ಮೆ ಬೇರೆ, ಥೂ. ಕತ್ತರಿ ಯಾವುದು ಚಿಮಟ ಯಾವುದು ಎಂದು ಅವಳೇ ಕಲಿಸಿದ ಟೆಕ್ನಿಷಿಯನ್ನಿಗೆ ಅವಳಿಗಿಂತ ಕಾಲುಭಾಗ ಜಾಸ್ತಿ ಸಂಬಳ, ಯಾಕೆ ಸಾರ್ ಅಂದರೆ, ಅವನು ಗಂಡಸು, ಸಂಸಾರ ಇದೆಯಮ್ಮ, ಅವಳ ಮನೆಯಲ್ಲಿ ಹಾಸಿಗೆ ಹಿಡಿದ ಗಂಡ, ಇಬ್ಬರು ಮಕ್ಕಳು, ಅತ್ತೆ, ಅದು ಸಂಸಾರವಲ್ಲ, ಛತ್ರ ಇರಬೇಕು. ಹುಡುಗಿ ಬಂದು ತಿಂಗಳಾಗಿಲ್ಲ, ನಿನ್ನೆ ಬೆರಳು ಸೊಂಟಕ್ಕೆ ಬಿದ್ದದ್ದೇ ತಡ, ಎತ್ತಿದ ಕೈ ಇಳಿಸಿ ಫಟ್ಟನೆ ಹೊಡೆದಳು, ಆಮೇಲೆ ಗ್ಲೌಸ್ ಬಿಚ್ಚಿ ಕಸಕ್ಕೆ ಹಾಕಿ, ಕೊಳೆ ಆಯ್ತು ಅಕ್ಕಾ, ಮತ್ತೆ ತೊಳ್ಕೊಂಡು ಬರ್ತೀನಿ. ಅಷ್ಟೇ. ಐದು ನಿಮಿಷದ ಕೆಲಸ, ಇವಳಿಗೆ ಹತ್ತೊಂಬತ್ತು ವರ್ಷ ಹೊಳೆಯಲಿಲ್ಲ. ವೇದಿಕೆಯ ಮೇಲೆ ಡಾಕ್ಟರ ಕೊನೆಯ ಮಾತು, ಈ ವರ್ಷವೂ ನಮ್ಮಲ್ಲಿ ಒಂದೂ ದೂರಿಲ್ಲ, ಚಪ್ಪಾಳೆ, ಟೆಕ್ನಿಷಿಯನ್ನದೇ ಜೋರು, ಮಹಾನುಭಾವ ವೇದಿಕೆಯಿಂದ ಇಳಿದು ಬಂದು ಪೆನ್ನು ಚಾಚುತ್ತಾನೆ, ಸಿಸ್ಟರ್, ಆ ಸಹಿ, ಪೆನ್ನು ಹಿಡಿದದ್ದು ಅದೇ ಬೆರಳು — ಅವಳ ಕೈ ಎದ್ದವು, ಎರಡೂ, ಎದೆಯ ಮಟ್ಟಕ್ಕೆ, ಕಾಗದ ಜಾರಿ ನೆಲಕ್ಕೆ, ತಗೊಳ್ಳಿ ಸಿಸ್ಟರ್, ಬೇಡ ಸಾರ್, ಕೊಳೆ ಆಗುತ್ತೆ, ಎಂದದ್ದು ಯಾರು, ಅವಳೇ, ಇಡೀ ಹಾಲಿಗೆ ಕೇಳುವಷ್ಟು ಗಟ್ಟಿಯಾಗಿ, ಕೊನೆಯ ಸಾಲಿನಲ್ಲಿ ಹುಡುಗಿಯ ಕುರ್ಚಿ ಸರಿದ ಸದ್ದು, ಪೆನ್ನು ಗಾಳಿಯಲ್ಲೇ, ಕೈ, ಎತ್ತಿ ಹಿಡಿದ ಎರಡು ಕೈ.