ಬಯಲಿನಲ್ಲೊಂದು ಟ್ಯಾಂಕು

"ಇಷ್ಟುದ್ದ ಬಯಲು ಯಾರಿಗೆ ಬೇಕ್ರೀ?" ಎನ್ನುತ್ತಾ ಮುಖ್ಯಸ್ಥ ಪರದೆಯ ಮೇಲೆ ಬೆರಳಿಟ್ಟ. ಬೆರಳು ಉಪ್ಪುಕೆರೆಯಿಂದ ಹೊರಟು ಕಲ್ಲುಗಣಿಯ ಊರಿನವರೆಗೆ ನಿಧಾನವಾಗಿ ಜಾರಿತು. "ತಿರುವಿಲ್ಲ, ಊರಿಲ್ಲ, ನೆಟ್ಟಗೊಂದು ಮರ ಇಲ್ಲ. ಆಡೋರು ಸ್ಟೇರಿಂಗ್ ಮೇಲೇ ಗೊರಕೆ ಹೊಡೀತಾರೆ. ಕತ್ತರಿಸಿಬಿಡಿ. ಉಪ್ಪುಕೆರೆ ದಾಟ್ತಿದ್ದ ಹಾಗೇ ಗಣಿ ಬಂದ್ಬಿಡ್ಲಿ."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಪುಟ್ಟಿ ಮಾತ್ರ ಮುಖ್ಯಸ್ಥನ ಬೆರಳನ್ನೇ ನೋಡುತ್ತಿದ್ದಳು. ಉಗುರಿನ ತುದಿ ಸರಿಯಾಗಿ ಆ ಜಾಗದ ಮೇಲೆ ನಿಂತಿತ್ತು.

ಅವರು ಮಾಡುತ್ತಿದ್ದುದು ಲಾರಿ ಓಡಿಸುವ ಆಟ. ಕಂಪ್ಯೂಟರಿನ ಮುಂದೆ ಕುಳಿತವರು ಒಂದು ಊರಿನಲ್ಲಿ ಸರಕು ಹೇರಿಕೊಂಡು ಇನ್ನೊಂದು ಊರಿನಲ್ಲಿ ಇಳಿಸಬೇಕು, ಅಷ್ಟೇ. ವರ್ಷಕ್ಕೊಂದು ಹೊಸ ರಾಜ್ಯ ಸೇರುತ್ತಿತ್ತು. ಈ ಸಲದ್ದು ಮರಳುಗಾಡಿನ ರಾಜ್ಯ. ನಿಜದಲ್ಲಿ ಇಡೀ ಹಗಲು ತಿನ್ನುವ ಹಾದಿ ಆಟದಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಬೇಕು. ಹಾಗಾಗಿ ರಾಜ್ಯವನ್ನು ಒಗೆದ ಬಟ್ಟೆಯಂತೆ ಹಿಂಡಿ, ಮಡಚಿ, ಚೆಂದದ್ದನ್ನಷ್ಟೇ ಮೇಲಿಡುತ್ತಿದ್ದರು.

ಪುಟ್ಟಿಯ ಪಾಲಿಗೆ ಬಂದಿದ್ದು ನೆಲ. ಕೆಂಪು ಬಂಡೆ, ಜಲ್ಲಿಯಂಥ ಗಟ್ಟಿಬಯಲು, ಬಿರಿದ ಉಪ್ಪಿನ ಹೆಪ್ಪು, ನೀರು ಕಂಡು ಎಷ್ಟೋ ಕಾಲವಾದ ಹಳ್ಳದ ಪಾತ್ರ. ಆಫೀಸಿನಲ್ಲಿ ಎಲ್ಲರೂ ಅವಳನ್ನು ಮಣ್ಣಮ್ಮ ಎನ್ನುತ್ತಿದ್ದರು. ಆಕಾಶ, ಬಿಸಿಲು, ಗಾಳಿ ನೋಡಿಕೊಳ್ಳುವವನು ಮೋಡಣ್ಣ. ಮಳೆ ಮೋಡದಿಂದ ಇಳಿದು, ನೆಲ ಮುಟ್ಟುವ ಮೊದಲೇ ನಡುವಿನಲ್ಲಿ ಆರಿಹೋಗುವುದನ್ನು ಅವನು ತಿಂಗಳುಗಟ್ಟಲೆ ತಿದ್ದಿ ತಿದ್ದಿ ಮಾಡಿದ್ದ. "ನೋಡು ಮಣ್ಣಮ್ಮ, ನಾನು ಸುರಿಸ್ತೀನಿ, ನಿನಗೆ ಮಾತ್ರ ಒಂದು ಹನೀನೂ ಸಿಗಲ್ಲ" ಎಂದು ರೇಗಿಸುತ್ತಿದ್ದ. ಲಾರಿಯೊಳಗಿನ ಗಾಜಿನ ಕೆಳಗೆ ಹೊರಗಿನ ಶಾಖ ತೋರಿಸುವ ಅಂಕಿಯೊಂದಿತ್ತು. ಅದು ಎಷ್ಟಕ್ಕೇರಿದರೂ ಆಡುವವನಿಗೆ ಏನೂ ಆಗುತ್ತಿರಲಿಲ್ಲ.

ಕೆಲಸ ಹಂಚುವಾಗ ಆ ರಾಜ್ಯವನ್ನು ಅವಳೇ ಕೇಳಿ ಪಡೆದಿದ್ದಳು. ಅವಳ ಅಣ್ಣ ತೀರಿಕೊಂಡಿದ್ದು ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಕಳೆದ ಬೇಸಿಗೆಯಲ್ಲಿ, ಆ ಬಯಲಿನ ನಡುವೆ ಅಣ್ಣನ ಲಾರಿ ಕೆಟ್ಟು ನಿಂತಿತ್ತು. ಫೋನಿಗೆ ಸಿಗ್ನಲ್ ಇರಲಿಲ್ಲ. ಬಿರುಗಾಳಿಯ ಮುನ್ಸೂಚನೆ ಇದ್ದುದರಿಂದ ಎರಡೂ ಕಡೆ ಗಾಡಿಗಳನ್ನು ತಡೆದಿದ್ದರು. ಹುಡುಕಲು ಹೋದವರಿಗೆ ಮರುದಿನ ಮೊದಲು ಲಾರಿ ಸಿಕ್ಕಿತು, ಆಮೇಲೆ ರಸ್ತೆಯ ಬಲಕ್ಕೆ ಬಹುದೂರದಲ್ಲಿ ಅಣ್ಣ. ಪೆಟ್ಟಿಗೆಯನ್ನು ಮೊಳೆ ಹೊಡೆದು ತಂದರು. ತೆಗೆಯಬೇಡಿ ಎಂದರು. ಅವನು ಲಾರಿ ಬಿಟ್ಟು ಕದಲದಿದ್ದರೆ ಬದುಕುತ್ತಿದ್ದನಂತೆ. ಏಕೆಂದರೆ ಕ್ಯಾಬಿನ್ನಿನಲ್ಲಿ ನೀರಿನ ಕ್ಯಾನು ಹಾಗೇ ಇತ್ತು, ಅರ್ಧಕ್ಕಿಂತ ಹೆಚ್ಚು ತುಂಬಿ.

ಆ ಕ್ಯಾನು ಮನೆಯವರನ್ನು ತಿಂದುಹಾಕಿತು. ಇಡೀ ಆಯುಷ್ಯ ಆ ಹಾದಿಯಲ್ಲಿ ಓಡಾಡಿದವನು ನೀರು ಬಿಟ್ಟು ಯಾಕೆ ಇಳಿದ? ಬಿಸಿಲುಗುದುರೆ ನೋಡಿ ಮೋಸ ಹೋದ ಎಂದರೆ ಅಣ್ಣನನ್ನು ಬಲ್ಲವರು ಒಪ್ಪುವಂತಿರಲಿಲ್ಲ. ಅದಕ್ಕೆ ಹುಲ್ಲು ಹಾಕಿ ಸಾಕ್ತೀನಿ ಎಂದು ತಮಾಷೆ ಮಾಡುತ್ತಿದ್ದವನು ಅವನು. ನೆಂಟರು ಎದುರಿಗೆ ಏನೂ ಹೇಳಲಿಲ್ಲ. ಹಿಂದೆ ಹೇಳುತ್ತಿದ್ದುದು ಮಾತ್ರ ಸುತ್ತಿ ಬಳಸಿ ಮನೆಗೇ ಬಂತು. 'ತಾನಾಗೇ ಹೋದನಂತೆ.'

ಅತ್ತಿಗೆ ಬ್ರೆಡ್ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಬೆಳಗ್ಗೆ ಹೋಗಿ ಸಂಜೆ ಬಂದು, ಅಮ್ಮನಿಗೆ ಮಾತ್ರೆ ಕೊಟ್ಟು, ಗೋಡೆಯ ಕಡೆ ತಿರುಗಿ ಮಲಗುವುದು. ಒಂದು ಸಂಜೆ ಪಾತ್ರೆ ತೊಳೆಯುತ್ತಾ, ತಲೆ ಎತ್ತದೆ ಹೇಳಿದಳು:

"ಪುಟ್ಟಿ, ನಿಮ್ಮಣ್ಣ ಹೊರಡೋ ದಿನ ಜಗಳ ಆಡಿದ್ವಿ. ಏನೋ ಸಣ್ಣ ವಿಷಯ. ನೀವು ವಾಪಸ್ ಬರದಿದ್ರೂ ಪರ್ವಾಗಿಲ್ಲ ಅಂದ್ಬಿಟ್ಟೆ."

"ಅತ್ತಿಗೆ, ಕೋಪದಲ್ಲಿ ಯಾರು ಏನು ಬೇಕಾದ್ರೂ ಅಂತಾರೆ."

"ಅಂತಾರೆ. ಅಂದವರ ಗಂಡಂದಿರೆಲ್ಲ ವಾಪಸ್ ಬರ್ತಾರೆ." ನಲ್ಲಿ ನಿಲ್ಲಿಸಿದಳು. "ನೀನು ಮಾಡ್ತಿರೋದು ಅದೇ ರಾಜ್ಯ ಅಂತೆ. ಅಮ್ಮ ಹೇಳಿದ್ರು. ಆ ರಸ್ತೆ ಇದೆಯಾ ಅದರಲ್ಲಿ?"

ಪುಟ್ಟಿಗೆ ಮುಖ್ಯಸ್ಥನ ಬೆರಳು ನೆನಪಾಯಿತು.

"ಇದೆ" ಎಂದಳು.

"ನನಗೊಂದ್ಸಲ ತೋರಿಸು. ಎಂಥಾ ಜಾಗ ಅಂತ ನೋಡ್ಬೇಕು."

ಕತ್ತರಿಸುವ ಮೊದಲು ಪುಟ್ಟಿ ಆ ಹಾದಿಯ ಒಂದು ನಕಲನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಳು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಅದನ್ನು ತೆಗೆದು, ಕುಗ್ಗಿಸಿದ್ದ ಬಯಲನ್ನು ಮತ್ತೆ ಎಳೆದೆಳೆದು ಉದ್ದ ಮಾಡಿದಳು. ಕ್ಯಾಮೆರಾ ಕಟ್ಟಿಕೊಂಡ ಕಾರೊಂದು ನಿಜವಾದ ರಸ್ತೆಯ ಉದ್ದಕ್ಕೂ ಓಡಾಡಿ ತೆಗೆದ ಚಿತ್ರಗಳು ಅವರ ಬಳಿಯಿದ್ದವು. ಲಾರಿ ನಿಂತಿದ್ದ ಮೈಲಿಗಲ್ಲು ಯಾವುದೆಂದು ಅವಳಿಗೆ ಗೊತ್ತಿತ್ತು. ಅಲ್ಲಿಗೆ ಹೋಗಿ ಚಿತ್ರವನ್ನು ಬಲಕ್ಕೆ ತಿರುಗಿಸಿದಳು.

ಏನೂ ಇರಲಿಲ್ಲ.

ಒಂದು ಗುಡಿಸಲು, ಒಂದು ಕಂಬ, ಕೊನೆಗೆ ಕುರುಚಲು ಗಿಡವೊಂದಾದರೂ ಇದ್ದೀತೆಂದು ಅವಳು ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ಎಡಕ್ಕಿರಬಹುದೇ ಎಂದು ಎಡಕ್ಕೂ ತಿರುಗಿಸಿದಳು. ನೆಲ ಹೋಗಿ ಹೋಗಿ ಆಕಾಶಕ್ಕೆ ತಾಗುತ್ತಿತ್ತು, ಅಷ್ಟೇ. ನಡೆದು ಹೋಗಲು ಒಂದು ನೆಪವೂ ಇಲ್ಲದ ಬಯಲು. ಹಾಗಾದರೆ ನೆಂಟರು ಹೇಳಿದ್ದೇ ನಿಜವೇ? ಶಾಖಕ್ಕೆ ತಲೆ ಕೆಟ್ಟಿರಬಹುದು. ಅಥವಾ ಆ ಮಾತು ತಲೆಯಲ್ಲಿ ಕುಳಿತಿರಬಹುದು. ಯಾವುದು ಎಂದು ಹೇಳಬಲ್ಲವನು ಒಬ್ಬನೇ, ಅವನಿಲ್ಲ.

ಶನಿವಾರ ಅವಳು ಆಟಕ್ಕೆಂದು ಮಾಡಿಟ್ಟ ಸಾಮಾನುಗಳ ಕೋಶ ತೆರೆದಳು. ಹಿಂದಿನ ರಾಜ್ಯದ ರೈಲು ನಿಲ್ದಾಣಕ್ಕೆಂದು ಯಾರೋ ಮಾಡಿದ್ದ ನೀರಿನ ಟ್ಯಾಂಕೊಂದು ಅದರಲ್ಲಿತ್ತು. ನಾಲ್ಕು ಕಬ್ಬಿಣದ ಕಾಲಿನ ಮೇಲೆ ತುಕ್ಕು ಹಿಡಿದ ಟ್ಯಾಂಕು. ಅದನ್ನೆತ್ತಿ ಬಯಲಿನ ಬಲಕ್ಕೆ ಇಟ್ಟಳು. ಅಳಿಸಿದಳು. ಎದ್ದು ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೆ ಇಟ್ಟಳು. ಸ್ವಲ್ಪ ದೂರ ತಳ್ಳಿದಳು. ತೀರಾ ಹತ್ತಿರವಾದರೆ ಅಣ್ಣ ತಲುಪಿಬಿಡುತ್ತಿದ್ದ. ತೀರಾ ದೂರವಾದರೆ ಕ್ಯಾನು ಹಿಡಿದು ಹೋಗುತ್ತಿದ್ದ. ಆ ಎರಡರ ನಡುವಿನ ಜಾಗ ಸಿಗುವವರೆಗೂ ಅವಳು ಅದನ್ನು ಹಿಂದೆ ಮುಂದೆ ಸರಿಸುತ್ತಲೇ ಇದ್ದಳು.

ಭಾನುವಾರ ಆಫೀಸು ಖಾಲಿ. ಅತ್ತಿಗೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಒಳಗಿನ ಎಸಿಯ ಚಳಿಗೆ ಶಾಲು ಬಿಗಿಯಾಗಿ ಹೊದ್ದುಕೊಂಡು ಬಂದಳು. ಮೇಜಿಗೆ ಬಿಗಿದ ಸ್ಟೇರಿಂಗನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದಳು.

"ನನಗೆ ಸೈಕಲ್ಲೂ ಬರಲ್ಲ."

"ಸುಮ್ನೆ ಹಿಡ್ಕೊಳ್ಳಿ ಅತ್ತಿಗೆ. ರಸ್ತೆ ನೆಟ್ಟಗಿದೆ. ಕಾಲಿನ ಕೆಲಸ ನಾನು ನೋಡ್ಕೋತೀನಿ."

ಪುಟ್ಟಿ ಪಕ್ಕದಲ್ಲಿ ಕುಳಿತು ಕಾಲು ಚಾಚಿ ಪೆಡಲ್ ಒತ್ತಿದಳು. ಉಪ್ಪುಕೆರೆ ಕಣ್ಣು ಕುಕ್ಕುವಂತೆ ಬಿಳಿಚಿಕೊಂಡು ಪಕ್ಕದಲ್ಲಿ ಸರಿಯಿತು. ಆಮೇಲೆ ಬಯಲು. ಬಯಲು ಮುಗಿಯಲಿಲ್ಲ. ಇಂಜಿನ್ನಿನ ಒಂದೇ ಶಬ್ದ, ಗಾಜಿನಾಚೆ ಒಂದೇ ಬಣ್ಣ. ಅತ್ತಿಗೆ ಮೊದಮೊದಲು ಏನಾದರೂ ಕೇಳುತ್ತಿದ್ದಳು, ಬರಬರುತ್ತಾ ಮಾತು ನಿಂತಿತು. ಎರಡು ಕೈಯಲ್ಲೂ ಚಕ್ರವನ್ನು ಅವಚಿ ಹಿಡಿದಿದ್ದಳು.

"ದಿನಾ ಇದನ್ನೇ ನೋಡ್ತಿದ್ರಾ?"

"ಹೂಂ."

"ನನಗೆ ಒಂದ್ಸಲಾನೂ ಹೇಳಿಲ್ಲ, ಹೀಗಿದೆ ಅಂತ. ಬರೀ ದಾಬಾದವನ ಜೋಕು ಹೇಳೋರು."

ಮೈಲಿಗಲ್ಲು ಬಂತು. ಪುಟ್ಟಿ ಲಾರಿ ನಿಲ್ಲಿಸಿದಳು. "ಇಲ್ಲೇ."

ಅತ್ತಿಗೆ ಪರದೆಯನ್ನು ನೋಡಿದಳು. ಶಾಖದ ಅಂಕಿಯನ್ನು ನೋಡಿದಳು. "ಇಳಿಯೋದು ಹೇಗೆ?"

"ಇಳಿಯೋಕಾಗಲ್ಲ ಅತ್ತಿಗೆ. ಈ ಆಟದಲ್ಲಿ ಡ್ರೈವರ್ ಇಳಿಯೋದೇ ಇಲ್ಲ."

"ಇಳಿಯೋದೇ ಇಲ್ವಾ?" ಅತ್ತಿಗೆಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಪುಣ್ಯವಂತ."

ಪುಟ್ಟಿ ನೋಟವನ್ನು ಬಲಕ್ಕೆ ತಿರುಗಿಸಿದಳು.

"ಅದೇನದು?"

"ನೀರಿನ ಟ್ಯಾಂಕು."

"ನಿಜವಾಗ್ಲೂ ಇದೆಯಾ ಅಲ್ಲಿ? ಇಲ್ಲ ನೀವು ಸುಮ್ನೆ ಇಟ್ಟಿದ್ದಾ?"

"ಇದ್ದಿದ್ದನ್ನೇ ಇಡೋದು."

"ಇಷ್ಟು ಹತ್ರ!"

"ಕಾಣೋಕೆ ಹತ್ರ. ಅಲ್ಲಿ ಗಾಳಿ ಒಣಗಿರುತ್ತೆ, ಅಡ್ಡ ಏನೂ ಇರಲ್ಲ. ದೂರದ್ದೂ ಹತ್ರದ ಹಾಗೆ ಕಾಣುತ್ತೆ."

ಅತ್ತಿಗೆ ಚಕ್ರ ಬಿಟ್ಟು ಮುಂದಕ್ಕೆ ಬಾಗಿದಳು. ಅವಳ ಉಸಿರು ಪರದೆಗೆ ತಾಗುವಷ್ಟು ಹತ್ತಿರ. "ಅಲ್ಲಿ ಯಾರಾದ್ರೂ ಇರ್ತಾರೆ, ಹೋಗಿ ಬರೋಣ ಅಂತ ಇಳಿದಿದಾರೆ" ಎಂದಳು. "ಇಲ್ಲೇ ಇದೆಯಲ್ಲ, ಈ ಭಾರ ಯಾಕೆ ಹೊರೋದು ಅಂತ ಕ್ಯಾನು ಬಿಟ್ಟಿದಾರೆ. ನಾನಾಗಿದ್ರೂ ಬಿಡ್ತಿದ್ದೆ. ಅಲ್ವಾ ಪುಟ್ಟಿ? ನೀನಾಗಿದ್ರೂ?"

"ನಾನಾಗಿದ್ರೂ."

ಅತ್ತಿಗೆ ಶಾಲಿನಲ್ಲಿ ಮುಖ ಮುಚ್ಚಿಕೊಂಡಳು. ಅವಳು ಅತ್ತಿದ್ದನ್ನು ಪುಟ್ಟಿ ಕಂಡಿದ್ದು ಅದೇ ಮೊದಲು. ಪೆಟ್ಟಿಗೆ ಬಂದ ದಿನವೂ ಅತ್ತಿರಲಿಲ್ಲ.

ಆ ರಾತ್ರಿಯಿಂದ ಅತ್ತಿಗೆ ತಟ್ಟೆಗೆ ಬಡಿಸಿಕೊಂಡಿದ್ದನ್ನು ಪೂರ್ತಿ ಉಣ್ಣತೊಡಗಿದಳು. ಅಮ್ಮನಿಗೆ ಹೇಳಿದಳು. ಅಮ್ಮ ಫೋನು ಹಿಡಿದು ನೆಂಟರಿಗೆಲ್ಲ ಹೇಳಿದಳು: "ಅಲ್ಲೊಂದು ಟ್ಯಾಂಕಿತ್ತು ಕಣ್ರೀ. ನಮ್ಮ ಪುಟ್ಟೀನೇ ತೋರಿಸಿದ್ದು." ಒಂದು ಬಾಯಿಂದ ಇನ್ನೊಂದಕ್ಕೆ ಹೋಗುತ್ತಾ ಟ್ಯಾಂಕು ಗಟ್ಟಿಯಾಯಿತು, ಅದರ ತುಕ್ಕು ಕೂಡ. ಪುಟ್ಟಿ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಆಫೀಸಿನಲ್ಲಿ ಬಯಲನ್ನು ಹೇಳಿದಂತೆಯೇ ಕತ್ತರಿಸಿ ಕೊಟ್ಟಳು. ಉಪ್ಪುಕೆರೆ ದಾಟುತ್ತಿದ್ದಂತೆ ಗಣಿ ಬಂತು. ಮುಖ್ಯಸ್ಥ ಬೆನ್ನು ತಟ್ಟಿದ.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದಳು. ಒಂದು ಸಂಜೆ ಮನೆಗೆ ಬಂದರೆ ಅಣ್ಣನ ಜೊತೆಗಾರ ಉದ್ದಣ್ಣ ಕುರ್ಚಿಯ ಅಂಚಿನಲ್ಲಿ ಕೂತಿದ್ದ. ಅವನೂ ಲಾರಿ ಡ್ರೈವರು. ಅಣ್ಣ ಹೋದಮೇಲೆ ಈ ಮನೆಗೆ ಮುಖ ತೋರಿಸಿರಲಿಲ್ಲ.

"ನಾನೇ ಕರೆಸಿದ್ದು" ಎಂದಳು ಅತ್ತಿಗೆ. "ಬರೋ ವಾರ ಆ ಕಡೆ ಹೋಗ್ತಾರಂತೆ. ನಾನೂ ಹೋಗಿ ಬರ್ತೀನಿ. ಟ್ಯಾಂಕಿನ ಹತ್ರ ಒಂದ್ಸಲ ನಿಂತ್ಕೋಬೇಕು."

ಉದ್ದಣ್ಣನ ಕೈಯಲ್ಲಿದ್ದ ಲೋಟ ತುಟಿಯ ಹತ್ತಿರವೇ ನಿಂತಿತು. "ಟ್ಯಾಂಕಾ?"

ಅವನು ಪುಟ್ಟಿಯ ಕಡೆ ನೋಡಿದ. ಅವಳ ಮುಖದಲ್ಲಿ ಏನು ಕಂಡನೋ, ಲೋಟ ಕೆಳಗಿಟ್ಟ. "ಇರಬಹುದು ತಾಯಿ. ನಾನು ರಸ್ತೆ ನೋಡೋನು, ಅಕ್ಕಪಕ್ಕ ಯಾರು ನೋಡ್ತಾರೆ."

"ನಾನೂ ಬರ್ತೀನಿ" ಎಂದಳು ಪುಟ್ಟಿ.

ನಸುಕಿನಲ್ಲಿ ಹೊರಟರು. ಕ್ಯಾಬಿನ್ನಿನಲ್ಲಿ ಡೀಸೆಲ್ಲಿನ, ಬಿಸಿ ರೆಕ್ಸಿನ್ನಿನ, ಹಳೆಯ ಬೆವರಿನ ವಾಸನೆ. ಅವಳು ಮಾಡಿದ ನೆಲಕ್ಕೆ ವಾಸನೆಯೇ ಇರಲಿಲ್ಲ ಎಂಬುದು ಪುಟ್ಟಿಗೆ ಆಗ ಹೊಳೆಯಿತು. ಬಿಸಿಲೇರಿದಂತೆ ಟಾರು ಮೆತ್ತಗಾಗಿ ಟೈರಿನಡಿ ಸಣ್ಣಗೆ ಪಚಪಚ ಎನ್ನತೊಡಗಿತು. ಉಪ್ಪುಕೆರೆ ದಾಟಿತು.

"ಅತ್ತಿಗೆ, ನಿಮಗೊಂದು ಮಾತು ಹೇಳ್ಬೇಕಿತ್ತು."

"ಅಲ್ಲಿ ಹೋದ್ಮೇಲೆ ಹೇಳು."

"ಈಗ್ಲೇ..."

"ಅಲ್ಲಿ ಹೋದ್ಮೇಲೆ."

ಉದ್ದಣ್ಣ ಇಬ್ಬರ ಕಡೆಗೂ ನೋಡದೆ ಗೇರು ಬದಲಾಯಿಸಿದ.

ಮೈಲಿಗಲ್ಲಿನ ಹತ್ತಿರ ಲಾರಿ ನಿಂತಿತು. ಬಾಗಿಲು ತೆರೆದಾಗ ಒಲೆಯ ಬಾಯಿ ತೆರೆದಂತೆ ಝಳ ಮುಖಕ್ಕೆ ಹೊಡೆಯಿತು. ಅತ್ತಿಗೆ ಮೊದಲು ಇಳಿದಳು, ಕಂಬಿ ಹಿಡಿದು, ಹಿಮ್ಮುಖವಾಗಿ. ನೆಲಕ್ಕೆ ಕಾಲಿಟ್ಟ ಮೇಲೆ ಬಲಕ್ಕೆ ತಿರುಗಿದಳು.

ಬಯಲು ಖಾಲಿಯಿತ್ತು. ದೂರದಲ್ಲಿ ಗಾಳಿ ನಡುಗುತ್ತಿತ್ತು. ಅದರಾಚೆಗೂ ಅದೇ ನೆಲ.

ಅತ್ತಿಗೆ ಕಣ್ಣಿಗೆ ಕೈ ಅಡ್ಡ ಹಿಡಿದಳು. ಆಮೇಲೆ ರಸ್ತೆ ಬಿಟ್ಟು ಜಲ್ಲಿಯ ಮೇಲೆ ನಡೆದಳು. ಸ್ವಲ್ಪ ದೂರ ಹೋಗಿ ನಿಂತಳು. ಅವಳ ಬೆನ್ನಷ್ಟೇ ಕಾಣುತ್ತಿತ್ತು. ಪುಟ್ಟಿ ಇಳಿದು ಅವಳ ಹಿಂದೆ ಹೋದಳು. ಚಪ್ಪಲಿಯ ಅಡಿಯಿಂದ ಬಿಸಿ ಏರುತ್ತಿತ್ತು.

"ಅತ್ತಿಗೆ, ಆ ಟ್ಯಾಂಕು..."

"ಕಿತ್ತುಬಿಟ್ಟಿದಾರೆ" ಎಂದಳು ಅತ್ತಿಗೆ.

ಅವಳು ತಿರುಗಲಿಲ್ಲ. ದನಿಯಲ್ಲಿ ಏರಿಳಿತವಿರಲಿಲ್ಲ. ಪುಟ್ಟಿ ಬಾಯಿ ತೆರೆದಳು. ಅತ್ತಿಗೆ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು, ನೋವಾಗುವಷ್ಟು ಗಟ್ಟಿಯಾಗಿ.

"ಉದ್ದಣ್ಣ" ಎಂದು ಕೂಗಿದಳು. "ಇಲ್ಲೊಂದು ಟ್ಯಾಂಕಿತ್ತು. ಕಿತ್ತುಬಿಟ್ಟಿದಾರೆ, ಅಲ್ವಾ?"

ಉದ್ದಣ್ಣ ಲಾರಿಯ ನೆರಳಿನಲ್ಲಿ ನಿಂತಿದ್ದ. ಬಯಲನ್ನು ನೋಡಿದ, ಅವರಿಬ್ಬರನ್ನು ನೋಡಿದ. ಹೆಗಲ ಮೇಲಿನ ಟವಲಿನಿಂದ ಕತ್ತು ಒರೆಸಿಕೊಂಡ.

"ಗುಜರಿಯವರ ಕೆಲಸ ತಾಯಿ" ಎಂದ. "ಕಬ್ಬಿಣ ಅಂದ್ರೆ ಬಿಡ್ತಾರಾ ಅವರು."

ಅತ್ತಿಗೆ ತಲೆಯಾಡಿಸಿದಳು. ಮಣಿಕಟ್ಟು ಬಿಟ್ಟಳು. ಅಲ್ಲಿ ಅವಳ ಬೆರಳಿನ ಗುರುತು ಬಿಳಿಯಾಗಿ ಮೂಡಿ, ನೋಡನೋಡುತ್ತಿದ್ದಂತೆ ಕೆಂಪಾಯಿತು.

ಮೂವರೂ ರಸ್ತೆಯ ಅಂಚಿಗೆ ಬಂದು ನಿಂತಿದ್ದಾಗ ಗಣಿಯ ಕಡೆಯಿಂದ ಲಾರಿಯೊಂದು ಬಂತು. ಮೊದಲು ಚುಕ್ಕೆ, ಆಮೇಲೆ ಅಲುಗುವ ಕಪ್ಪು ಕಡ್ಡಿ, ಆಮೇಲೆ ಶಬ್ದ. ಹತ್ತಿರ ಬಂದಾಗ ಒಳಗಿದ್ದ ಗುರುತಿಲ್ಲದ ಡ್ರೈವರು ಇವರನ್ನು ಕಂಡು ಒಂದು ಕೈ ಎತ್ತಿದ. ಉದ್ದಣ್ಣನೂ ಎತ್ತಿದ. ಲಾರಿ ಇವರ ಮೈಮೇಲೆ ಧೂಳು ಚೆಲ್ಲುತ್ತಾ ಹಾದುಹೋಯಿತು. ಅದು ಬಹಳ ದೂರ ಹೋದಮೇಲೆ, ರಸ್ತೆಯಲ್ಲಿ ಧೂಳಷ್ಟೇ ಉಳಿದಿದ್ದಾಗ, ಅತ್ತಿಗೆ ನಿಧಾನವಾಗಿ ತನ್ನ ಕೈ ಎತ್ತಿದಳು.